ಬಾಗಿಲು ಹಾಕಿದೆ, ಕಾರಿಗೆ ಗೊತ್ತಿಲ್ಲ

ಕಾರು ನಿಲ್ಲಿಸಿ ಇಳಿಯುತ್ತೀರಿ. ಎಲ್ಲ ಬಾಗಿಲು ಹಾಕಿ ರಿಮೋಟ್ ಒತ್ತುತ್ತೀರಿ. ಟಕ್ಕೆಂದು ಲಾಕ್ ಬಿದ್ದ ಸದ್ದು, ಅದರ ಬೆನ್ನಿಗೇ ಇನ್ನೊಂದು ಟಕ್ಕು. ನಾಲ್ಕೂ ಲಾಕ್‌ಗಳು ಮತ್ತೆ ತೆರೆದುಕೊಂಡಿವೆ. ಗಾಜಿನಿಂದ ಇಣುಕಿದರೆ ಚಾವಣಿಯ ದೀಪ ಉರಿಯುತ್ತಲೇ ಇದೆ. ಗ್ಯಾರೇಜಿನ ಜಾಬ್ ಕಾರ್ಡಿನಲ್ಲಿ ಇದು ಎರಡು ಸಾಲಾಗುತ್ತದೆ: ರೂಫ್ ಲೈಟ್ ಆಫ್ ಆಗುತ್ತಿಲ್ಲ, ಸೆಂಟ್ರಲ್ ಲಾಕ್ ಕೆಲಸ ಮಾಡುತ್ತಿಲ್ಲ. ಎರಡು ದೂರಿಗೆ ಎರಡು ರಿಪೇರಿ, ಕೆಲವೊಮ್ಮೆ ಎರಡು ಹೊಸ ಬಿಡಿಭಾಗ. ಆದರೆ ಹೀಗೆ ಜೊತೆಯಾಗಿ ಬರುವ ದೂರುಗಳು ಬಹುತೇಕ ಒಂದೇ ದೂರು. ಬಾಗಿಲು ಹಾಕಿರುವುದು ನಿಮಗೆ ಗೊತ್ತು, ಕಾರಿಗೆ ಗೊತ್ತಾಗಿಲ್ಲ.

ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬ ಸುದ್ದಿಯನ್ನು ಕಾರಿಗೆ ಮುಟ್ಟಿಸುವುದು ಒಂದು ಚಿಕ್ಕ ಸ್ವಿಚ್. ಮಾರುತಿ 800ರಂಥ ಹಳೆಯ ಗಾಡಿಗಳಲ್ಲಿ ಅದು ಕಣ್ಣಿಗೆ ಕಾಣುತ್ತಿತ್ತು. ಬಾಗಿಲು ಬಂದು ಕೂರುವ ಕಂಬದಲ್ಲಿ, ರಬ್ಬರ್ ಹೊದಿಕೆಯ ಒಂದು ಗುಂಡಿ. ಫ್ರಿಜ್ಜಿನ ಬಾಗಿಲಿನಲ್ಲಿ ಇರುವಂಥದ್ದೇ: ಬಾಗಿಲು ಒತ್ತಿದರೆ ದೀಪ ಆರುತ್ತದೆ, ಬಿಟ್ಟರೆ ಹತ್ತುತ್ತದೆ. ಇಂಥ ಸ್ವಿಚ್ಚಿಗೆ ಬರುವುದು ಸಾಮಾನ್ಯವಾಗಿ ಒಂದೇ ವೈರು. ದೀಪಕ್ಕೆ ಬ್ಯಾಟರಿಯ 12 ವೋಲ್ಟ್ ಸದಾ ಬರುತ್ತಿರುತ್ತದೆ. ಸ್ವಿಚ್ಚು ಮಾಡುವುದು ಅರ್ತ್ ಕೊಡುವ ಕೆಲಸ ಮಾತ್ರ. ಆ ಅರ್ತ್ ಸಿಗುವುದು ಸ್ವಿಚ್ಚನ್ನು ಬಾಡಿಗೆ ಬಿಗಿದ ಸ್ಕ್ರೂ ಮೂಲಕ. ಸ್ಕ್ರೂಗೆ ತುಕ್ಕು ಹಿಡಿದರೆ ದೀಪ ಹತ್ತುವುದಿಲ್ಲ. ಗುಂಡಿ ಕೆಸರಿಗೆ ಸಿಕ್ಕಿ ಹೊರಗೇ ನಿಂತುಬಿಟ್ಟರೆ, ಅಥವಾ ರಬ್ಬರ್ ಹರಿದು ಒಳಗೆ ನೀರಿಳಿದರೆ ದೀಪ ಆರುವುದೇ ಇಲ್ಲ. ಸ್ಕ್ರೂ ಬಿಚ್ಚಿ, ಎಮೆರಿ ಕಾಗದದಲ್ಲಿ ಉಜ್ಜಿ ಮತ್ತೆ ಬಿಗಿದರೆ ಮುಗಿಯುವ ಕೆಲಸ ಅದು. ಬಿಚ್ಚುವಾಗ ವೈರು ಕಂಬದೊಳಕ್ಕೆ ಜಾರಿಹೋಗದಂತೆ ಒಂದು ಟೇಪು ಅಂಟಿಸಿಕೊಂಡರೆ ಸಾಕು.

ಈಗಿನ ಬಹಳಷ್ಟು ಕಾರುಗಳಲ್ಲಿ ಆ ಗುಂಡಿ ಇಲ್ಲ. ಸ್ವಿಚ್ಚು ಬಾಗಿಲಿನ ಲ್ಯಾಚ್ ಒಳಗೇ ಸೇರಿಕೊಂಡಿದೆ, ಉಗುರಿನಷ್ಟು ಚಿಕ್ಕದು. ಅದು ಹೇಳುವ ಮಾತು ನೇರವಾಗಿ ದೀಪಕ್ಕೆ ಹೋಗುವುದಿಲ್ಲ. ಡ್ಯಾಶ್‌ಬೋರ್ಡ್ ಕೆಳಗಿನ ಬಾಡಿ ಕಂಟ್ರೋಲ್ ಮಾಡ್ಯೂಲ್‌ಗೆ, ಮೆಕ್ಯಾನಿಕ್‌ಗಳ ಬಾಯಲ್ಲಿ ಬಿಸಿಎಂಗೆ, ಹೋಗುತ್ತದೆ. ದೀಪ ಹಚ್ಚಬೇಕೇ, ಮೀಟರಿನಲ್ಲಿ ಬಾಗಿಲಿನ ಗುರುತು ತೋರಿಸಬೇಕೇ, ಲಾಕ್ ಹಾಕಬಹುದೇ, ಅಲಾರಂ ಎಚ್ಚರವಿರಬೇಕೇ ಎಂಬುದನ್ನೆಲ್ಲ ಬಿಸಿಎಂ ಈ ಒಂದೇ ಸ್ವಿಚ್ಚಿನ ಮಾತು ಕೇಳಿ ತೀರ್ಮಾನಿಸುತ್ತದೆ. ಹಾಗಾಗಿ ಸ್ವಿಚ್ಚು ತಪ್ಪು ಹೇಳಿದರೆ ದೀಪವೂ ಲಾಕೂ ಒಟ್ಟಿಗೆ ಕೈಕೊಡುತ್ತವೆ. ಇದು ಗೊತ್ತಿಲ್ಲದೆ ಮಾಡ್ಯೂಲನ್ನೇ ಬದಲಿಸಿದವರಿದ್ದಾರೆ. ಸ್ವಿಚ್ಚು ಹೇಳಿದ್ದನ್ನು ನಂಬಿ ಸರಿಯಾಗಿಯೇ ನಡೆದುಕೊಂಡ ಭಾಗಕ್ಕೆ ಸಾವಿರಾರು ರೂಪಾಯಿ ತೆರುವುದು ನೋವಿನ ಸಂಗತಿ.

ಸ್ವಿಚ್ಚಿನ ತಪ್ಪು ಎರಡು ಬಗೆಯದು. ‘ತೆರೆದಿದೆ’ ಎಂದೇ ಹೇಳುತ್ತಿದ್ದರೆ ದೀಪ ಉರಿಯುತ್ತದೆ, ಲಾಕ್ ಬಿದ್ದು ಏಳುತ್ತದೆ, ಮೀಟರಿನಲ್ಲಿ ಕೆಂಪು ಗುರುತು ಉಳಿಯುತ್ತದೆ. ಇದು ಕಿರಿಕಿರಿ ಕೊಡುವ ತಪ್ಪು. ಆದ್ದರಿಂದ ಬೇಗ ಗಮನಕ್ಕೆ ಬರುತ್ತದೆ. ‘ಮುಚ್ಚಿದೆ’ ಎಂದೇ ಹೇಳುತ್ತಿರುವ ಸ್ವಿಚ್ಚು ಸದ್ದಿಲ್ಲದೆ ಇರುತ್ತದೆ, ಅಪಾಯ ಅದರಲ್ಲೇ ಹೆಚ್ಚು. ಹಿಂದಿನ ಬಾಗಿಲು ಅರ್ಧ ಮಾತ್ರ ಕೂತಿದ್ದರೂ ಕಾರು ಎಚ್ಚರಿಸುವುದಿಲ್ಲ. ಆ ಬಾಗಿಲಿಗೆ ಮಗು ಒರಗಿ ಕೂತಿರಬಹುದು. ಇನ್ನೊಂದು ಅಪಾಯವೂ ಇದೆ. ರಿಮೋಟ್‌ನಿಂದ ಲಾಕ್ ತೆಗೆದ ಮೇಲೆ ಅರ್ಧ ನಿಮಿಷದೊಳಗೆ ಯಾವ ಬಾಗಿಲೂ ತೆರೆಯದಿದ್ದರೆ ಎಷ್ಟೋ ಕಾರುಗಳು ತಾವಾಗಿಯೇ ಮತ್ತೆ ಲಾಕ್ ಹಾಕಿಕೊಳ್ಳುತ್ತವೆ. ನೀವು ಬಾಗಿಲು ತೆರೆದು, ಕೀ ಸೀಟಿನ ಮೇಲಿಟ್ಟು, ಚೀಲ ತರಲು ಬಾಗಿಲು ಹಾಕಿ ಆಚೆ ಹೋದಿರಿ ಎನ್ನಿ. ಬಾಗಿಲು ತೆರೆದದ್ದೇ ಕಾರಿಗೆ ತಿಳಿದಿಲ್ಲ. ಕೀ ಒಳಗಿರುವಾಗಲೇ ಲಾಕ್ ಬೀಳುತ್ತದೆ. ಕಾರಣವಿಲ್ಲದೆ ತಾನೇ ಲಾಕ್ ಆಯಿತು ಎಂದು ಜನ ಹೇಳುವ ಪ್ರಸಂಗಗಳಲ್ಲಿ ಇದನ್ನು ಮೊದಲು ನೋಡಬೇಕು.

ಪತ್ತೆಗೆ ಯಾವ ಉಪಕರಣವೂ ಬೇಡ. ಚಾವಣಿ ದೀಪದ ಸ್ವಿಚ್ಚಿಗೆ ಮೂರು ಜಾಗಗಳಿರುತ್ತವೆ: ಆನ್, ಡೋರ್, ಆಫ್. ಮೊದಲು ಆನ್ ಮಾಡಿ. ಹತ್ತಿತೆಂದರೆ ಬಲ್ಬು, ಫ್ಯೂಸು ಎರಡೂ ಸರಿಯಿವೆ. ಇಷ್ಟರಲ್ಲೇ ಅರ್ಧ ಅನುಮಾನ ಕಳೆಯಿತು. ಆಮೇಲೆ ಡೋರ್‌ಗೆ ತಂದು, ಉಳಿದ ಬಾಗಿಲುಗಳನ್ನೆಲ್ಲ ಹಾಕಿ, ಒಂದೊಂದೇ ಬಾಗಿಲು ತೆರೆದು ನೋಡಿ. ಯಾವ ಬಾಗಿಲಿಗೆ ದೀಪ ಹತ್ತುವುದಿಲ್ಲವೋ ಆ ಬಾಗಿಲಿನ ಸ್ವಿಚ್ಚೋ ವೈರೋ ಹೋಗಿದೆ. ಕೆಲವು ಅಗ್ಗದ ಮಾದರಿಗಳಲ್ಲಿ ಹಿಂದಿನ ಬಾಗಿಲುಗಳಿಗೆ ಸ್ವಿಚ್ಚನ್ನೇ ಕೊಟ್ಟಿರುವುದಿಲ್ಲ, ಅದನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಎಲ್ಲ ಹಾಕಿದರೂ ದೀಪ ಆರದಿದ್ದರೆ, ಒಂದೊಂದೇ ಬಾಗಿಲನ್ನು ಹೊರಗಿನಿಂದ ಅಂಗೈಯಲ್ಲಿ ಒತ್ತಿ ಹಿಡಿಯಿರಿ. ಒತ್ತಿದಾಗ ಆರಿ ಬಿಟ್ಟಾಗ ಹತ್ತುವ ಬಾಗಿಲು ಸಿಕ್ಕರೆ, ಕೆಟ್ಟಿರುವುದು ಸ್ವಿಚ್ಚೂ ಅಲ್ಲದಿರಬಹುದು: ಲ್ಯಾಚು ಕಚ್ಚಿಕೊಳ್ಳುವ ಕೊಂಡಿ ಸ್ವಲ್ಪ ಸರಿದಿರಬಹುದು, ಹೊಸದಾಗಿ ಹಾಕಿಸಿದ ದಪ್ಪ ಬೀಡಿಂಗ್ ಬಾಗಿಲನ್ನು ಹೊರಕ್ಕೆ ನೂಕುತ್ತಿರಬಹುದು. ಡಿಕ್ಕಿಯನ್ನು ಮರೆಯಬೇಡಿ. ಅದೂ ಒಂದು ಬಾಗಿಲೇ.

ಬಾಗಿಲು ಹಾಕಿದ ಮೇಲೂ ಹತ್ತಿಪ್ಪತ್ತು ಸೆಕೆಂಡು ದೀಪ ಉರಿದು ನಿಧಾನವಾಗಿ ಆರುವುದು ದೋಷವಲ್ಲ, ಹಾಗೆಯೇ ಮಾಡಿರುವುದು. ಕೀ ಇಗ್ನಿಷನ್‌ನಲ್ಲೇ ಇದ್ದು ಬಾಗಿಲು ತೆರೆದಿರುವಾಗ ಲಾಕ್ ಹಾಕಲು ಒಪ್ಪದಿರುವುದೂ ಅನೇಕ ಕಾರುಗಳಲ್ಲಿ ಬೇಕೆಂದೇ ಇಟ್ಟ ವ್ಯವಸ್ಥೆ. ಹಾಳಾದ ಬಲ್ಬಿನ ಬದಲು ಎಲ್‌ಇಡಿ ಹಾಕಿಸಿ ಅದು ಹತ್ತದಿದ್ದರೆ ತಿರುಗಿಸಿ ಹಾಕಿ ನೋಡಿ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸಿನ ಭೇದವಿದೆ, ಹಳೆಯ ತಂತಿಯ ಬಲ್ಬಿಗಿರಲಿಲ್ಲ. ಆಫ್ ಮಾಡಿದ ಮೇಲೂ ಎಲ್‌ಇಡಿ ಮಿಣುಕುತ್ತಿದ್ದರೆ ಮಾಡ್ಯೂಲಿನಿಂದ ಸೋರುವ ಅತಿ ಸಣ್ಣ ಕರೆಂಟು ಅದಕ್ಕೆ ಸಾಕಾಗುತ್ತಿದೆ ಎಂದರ್ಥ. ಹಳೆಯ ಬಲ್ಬು ಅಷ್ಟಕ್ಕೆ ಬೆಳಗುತ್ತಿರಲಿಲ್ಲ.

ಆನ್ ಮಾಡಿದರೂ ದೀಪ ಹತ್ತದಿದ್ದರೆ ಫ್ಯೂಸ್ ನೋಡಬೇಕು. ದೀಪದ ಜೊತೆ ಗಡಿಯಾರವೂ ಸೊನ್ನೆಗೆ ಬಂದಿದೆಯೇ, ಸ್ಟೀರಿಯೋ ತನ್ನ ಸ್ಟೇಷನ್‌ಗಳನ್ನು ಮರೆತಿದೆಯೇ ಎಂದು ಗಮನಿಸಿ. ಹಲವು ಕಾರುಗಳಲ್ಲಿ ಇವೆಲ್ಲಕ್ಕೂ ಒಂದೇ ಫ್ಯೂಸು. ಡಿಕ್ಕಿಯ ದೀಪದ ವೈರು ಎಲ್ಲೋ ಬಾಡಿಗೆ ತಗಲಿ ಶಾರ್ಟ್ ಆದರೆ, ಚಾವಣಿಯ ದೀಪ, ಗಡಿಯಾರ, ರೇಡಿಯೋ ಎಲ್ಲ ಒಟ್ಟಿಗೆ ಸಾಯುತ್ತವೆ. ಹುಂಡೈನ ಹಲವು ಮಾದರಿಗಳಲ್ಲಿ ಒಳಗಿನ ಫ್ಯೂಸ್ ಪೆಟ್ಟಿಗೆಯಲ್ಲೇ ಒಂದು ಚಿಕ್ಕ ಸ್ವಿಚ್ಚಿದೆ. ಕಾರನ್ನು ಬಹುಕಾಲ ನಿಲ್ಲಿಸುವಾಗ ಬ್ಯಾಟರಿ ಉಳಿಸಲು ಇಟ್ಟದ್ದು. ಸರ್ವಿಸಿನಲ್ಲೋ ಸಾಗಾಟದಲ್ಲೋ ಯಾರಾದರೂ ಅದನ್ನು ಆಫ್ ಮಾಡಿ ಮರೆತರೆ ಒಳದೀಪ, ಗಡಿಯಾರ, ಆಡಿಯೋ ಯಾವುದೂ ನಡೆಯುವುದಿಲ್ಲ. ಒಂದು ಬೆರಳಿನ ಕೆಲಸ.

ಫ್ಯೂಸಿನ ಬಣ್ಣಕ್ಕೆ ಅರ್ಥವಿದೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಕೆಂಪಿನ ಜಾಗಕ್ಕೆ ಕೆಂಪೇ ಬರಬೇಕು. ಹೊಸದು ಹಾಕಿದ ಕೂಡಲೇ ಮತ್ತೆ ಸುಟ್ಟರೆ ‘ಇನ್ನೂ ಸ್ವಲ್ಪ ಗಟ್ಟಿಯದು ಹಾಕಿ’ ಎನ್ನುವವರ ಮಾತು ಕೇಳಲೇಬೇಡಿ. ಫ್ಯೂಸು ಇರುವುದು ವೈರನ್ನು ಕಾಯಲು. 10ರ ಜಾಗದಲ್ಲಿ 30 ಹಾಕಿದರೆ, ಅಥವಾ ತಾಮ್ರದ ಎಳೆ ಸುತ್ತಿ ಕೂರಿಸಿದರೆ, ಮುಂದಿನ ಬಾರಿ ಸುಡುವುದು ಫ್ಯೂಸಲ್ಲ, ಚಾವಣಿಯ ಬಟ್ಟೆಯ ಹಿಂದೆ ಓಡುವ ವೈರು. ಚಲಿಸುವ ಕಾರಿನಲ್ಲಿ ಹೊಗೆ ಏಳುವ ದಾರಿ ಅದು.

ಇನ್ನು ವೈರು. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಲ್ಲಿದೆ. ಬಾಗಿಲನ್ನು ಪೂರ್ತಿ ತೆರೆದು ಹಿಂಜಿನ ಕಡೆ ನೋಡಿ. ಬಾಡಿಯಿಂದ ಬಾಗಿಲಿಗೆ ಹೋಗುವ, ಸುಕ್ಕುಸುಕ್ಕಾದ ಕಪ್ಪು ರಬ್ಬರ್ ಕೊಳವೆ ಕಾಣುತ್ತದೆ. ಬಾಗಿಲಿನ ಸ್ವಿಚ್ಚು, ಲಾಕ್ ಮೋಟರು, ಕಿಟಕಿ ಗಾಜಿನ ಮೋಟರು, ಕನ್ನಡಿ, ಸ್ಪೀಕರು ಎಲ್ಲದರ ವೈರುಗಳೂ ಅದರೊಳಗೆ ಒಟ್ಟಾಗಿ ಹೋಗುತ್ತವೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅವು ಒಂದೇ ಜಾಗದಲ್ಲಿ ಬಾಗುತ್ತವೆ. ದಿನಕ್ಕೆ ಹತ್ತು ಬಾರಿ ಎಂದರೂ ವರ್ಷಕ್ಕೆ 3,650 ಸಲ, ಹತ್ತು ವರ್ಷಕ್ಕೆ 36,500 ಸಲ. ಚಾಲಕನ ಬಾಗಿಲಿಗೆ ಇದಕ್ಕಿಂತ ಹೆಚ್ಚು, ಟ್ಯಾಕ್ಸಿಗಂತೂ ಹಲವು ಪಟ್ಟು. ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇರುತ್ತದೆ. ನೋಡಿದರೆ ವೈರು ಸರಿಯಾಗಿಯೇ ಇದೆ, ಒಳಗೆ ಕರೆಂಟು ಹರಿಯುತ್ತಿಲ್ಲ.

ಇದರ ಲಕ್ಷಣವೇ ಚಂಚಲತೆ. ಬಾಗಿಲು ಮುಚ್ಚಿದಾಗ ಲಾಕ್ ಕೆಲಸ ಮಾಡುತ್ತದೆ, ತೆರೆದಾಗ ಇಲ್ಲ. ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇದೆ. ಗ್ಯಾರೇಜಿಗೆ ಹೋದಾಗ ಎಲ್ಲ ಸರಿ, ಮನೆಗೆ ಬಂದರೆ ಮತ್ತೆ ಅದೇ. ಒಂದೇ ಬಾಗಿಲಿನ ಲಾಕೂ ಪವರ್ ವಿಂಡೋವೂ ಒಟ್ಟಿಗೆ ಹೋದರೆ ಎರಡು ಮೋಟರುಗಳು ಒಂದೇ ದಿನ ಸತ್ತವೆಂದು ನಂಬುವ ಅಗತ್ಯವಿಲ್ಲ. ರಬ್ಬರ್ ಕೊಳವೆಯನ್ನು ಅನುಮಾನಿಸಿ. ಒಬ್ಬರು ಲಾಕ್ ಸ್ವಿಚ್ ಒತ್ತುತ್ತಿರಲಿ, ಇನ್ನೊಬ್ಬರು ಕೊಳವೆಯನ್ನು ಕೈಯಲ್ಲಿ ಮೆಲ್ಲಗೆ ಹಿಂಡಿ ಅಲುಗಿಸಲಿ. ನಡುವೆ ಒಮ್ಮೆ ಟಕ್ಕೆಂದರೂ ಸಾಕು, ರೋಗ ಸಿಕ್ಕಿತು. ಹ್ಯಾಚ್‌ಬ್ಯಾಕ್ ಕಾರುಗಳ ಡಿಕ್ಕಿ ಬಾಗಿಲಿನ ಮೇಲ್ತುದಿಯಲ್ಲೂ ಇಂಥದೇ ಕೊಳವೆ ಇರುತ್ತದೆ. ಹಿಂಗಾಜಿನ ವೈಪರು, ನಂಬರ್ ಪ್ಲೇಟಿನ ದೀಪ, ಡಿಕ್ಕಿಯ ಲಾಕು ಒಂದರ ಹಿಂದೊಂದು ಕೈಕೊಟ್ಟರೆ ಅಲ್ಲಿ ನೋಡಬೇಕು. ತುಂಡಾದ ಜಾಗಕ್ಕೆ ಗಂಟು ಹಾಕಿ ಟೇಪು ಸುತ್ತಿದರೆ ಅದೇ ಜಾಗ ಮತ್ತೆ ಬಾಗಿ ಮತ್ತೆ ಮುರಿಯುತ್ತದೆ. ಬಾಗುವ ಭಾಗದ ವೈರನ್ನು ಪೂರ್ತಿ ತೆಗೆದು, ಮೃದುವಾದ ಹೊಸ ವೈರು ಹಾಕಿ, ಬೆಸುಗೆಯನ್ನು ಕೊಳವೆಯ ಆಚೆ ಈಚೆ, ಬಾಗದ ಕಡೆ ಬರುವಂತೆ ಮಾಡಬೇಕು. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಹಾಗೆಯೇ ಮಾಡುತ್ತಾನೆ. ಅವನು ಕೇಳುವ ಕೂಲಿಗೆ ಚೌಕಾಸಿ ಮಾಡಬಾರದು. ಸ್ಪೇರ್ ಪಾರ್ಟ್ ಇಲ್ಲದ ರಿಪೇರಿಗೆ ಬೆಲೆಯಿಲ್ಲ ಎಂದುಕೊಂಡಿರುವ ನಮ್ಮ ಅಭ್ಯಾಸವೇ, ಭಾಗ ಬದಲಿಸುವವರನ್ನು ಬೆಳೆಸಿ ರೋಗ ಹುಡುಕುವವರನ್ನು ಮೂಲೆಗುಂಪು ಮಾಡಿದೆ.

ವೈರು ಸರಿಯಿದ್ದರೆ ಮಾತ್ರ ಲಾಕ್ ಮೋಟರಿನ ಸರದಿ. ಅದರ ಕೆಲಸ ಸರಳ. ಎರಡು ವೈರು, ಕರೆಂಟು ಒಂದು ದಿಕ್ಕಿಗೆ ಹರಿದರೆ ಲಾಕ್, ದಿಕ್ಕು ಬದಲಾದರೆ ಅನ್‌ಲಾಕ್. ಸೆಕೆಂಡಿಗಿಂತ ಕಡಿಮೆ ಹೊತ್ತು ಕರೆಂಟು ಬಂದು ನಿಲ್ಲುತ್ತದೆ. ಹೊರಗಿನಿಂದ ಹಾಕಿಸುವ ಕಿಟ್‌ಗಳಲ್ಲಿ ಚಾಲಕನ ಬಾಗಿಲಿನ ಮೋಟರಿಗೆ ಐದು ವೈರು, ಉಳಿದವಕ್ಕೆ ಎರಡೆರಡು: ಚಾಲಕನ ಬಾಗಿಲು ಆಜ್ಞೆ ಕೊಡುತ್ತದೆ, ಉಳಿದವು ಪಾಲಿಸುತ್ತವೆ. ಇದರಿಂದಲೇ ಒಂದು ಸುಳಿವು ಸಿಗುತ್ತದೆ. ಒಂದೇ ಬಾಗಿಲು ಮುಷ್ಕರ ಹೂಡಿದರೆ ತೊಂದರೆ ಆ ಬಾಗಿಲಿನಲ್ಲಿದೆ. ನಾಲ್ಕೂ ಸುಮ್ಮನಿದ್ದರೆ ಫ್ಯೂಸು, ಮಾಡ್ಯೂಲು ಅಥವಾ ಚಾಲಕನ ಬಾಗಿಲು. ನಾಲ್ಕೂ ಸೋತ ದನಿಯಲ್ಲಿ ಅರ್ಧ ಟಕ್ಕೆಂದರೆ ಬ್ಯಾಟರಿ. ಮೋಟರು ತಿರುಗುವ ಗುಂಯ್ ಸದ್ದು ಕೇಳಿ ಗುಬುಟು ಮಾತ್ರ ಏಳದಿದ್ದರೆ ಒಳಗಿನ ಪ್ಲಾಸ್ಟಿಕ್ ಹಲ್ಲು ಸವೆದಿದೆ, ಇಲ್ಲವೇ ಕಡ್ಡಿಯ ಕ್ಲಿಪ್ಪು ಕಳಚಿದೆ. ಲ್ಯಾಚು ಧೂಳು, ಹಳೆಯ ಗ್ರೀಸಿನಿಂದ ಗಟ್ಟಿಯಾಗಿ ಮೋಟರು ದಣಿದು ಸಾಯುವುದೇ ಹೆಚ್ಚು. ವರ್ಷಕ್ಕೊಮ್ಮೆ ಲ್ಯಾಚನ್ನು ಒರೆಸಿ ಹೊಸ ಗ್ರೀಸು ಸವರಿದರೆ ಆ ಮೋಟರು ಬಹಳ ವರ್ಷ ಬರುತ್ತದೆ. ಮಕ್ಕಳು ಆಟಕ್ಕೆ ಲಾಕ್ ಸ್ವಿಚ್ಚನ್ನು ಪಟಪಟ ಒತ್ತಿದ ಮೇಲೆ ಕೆಲವು ನಿಮಿಷ ಅದು ನಿಂತುಹೋದರೆ ಗಾಬರಿ ಬೇಡ. ಮೋಟರು ಕಾಯದಿರಲೆಂದು ಕಾರೇ ತಡೆದಿರುತ್ತದೆ.

ಮಳೆಯ ನಾಡಿನಲ್ಲಿ ಈ ಎಲ್ಲಕ್ಕೂ ಇನ್ನೊಂದು ಮುಖವಿದೆ. ಬಾಗಿಲಿನೊಳಗೆ ನೀರು ಹೋಗಬಾರದೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಹೋಗಿಯೇ ಹೋಗುತ್ತದೆ: ಕಿಟಕಿ ಗಾಜಿನ ಬುಡದ ರಬ್ಬರ್ ಪಟ್ಟಿಯನ್ನು ದಾಟಿ ಒಳಗಿಳಿದು, ಬಾಗಿಲಿನ ಅಡಿಯ ತೂತುಗಳಿಂದ ಹೊರಬೀಳುವಂತೆಯೇ ಬಾಗಿಲನ್ನು ಮಾಡಿರುತ್ತಾರೆ. ಮಲೆನಾಡಿನ, ಕರಾವಳಿಯ ಕೆಂಪು ಮಣ್ಣು ಆ ತೂತುಗಳಲ್ಲಿ ಗಟ್ಟಿಯಾಗಿ ಕೂತರೆ ನೀರು ಒಳಗೇ ನಿಲ್ಲುತ್ತದೆ. ಬಾಗಿಲು ತೂಗಿದಾಗ ಬುಳುಕ್ಕೆಂದು ಸದ್ದಾದರೆ ಅದೇ. ಮಳೆಗಾಲಕ್ಕೆ ಮೊದಲು ಒಂದು ತೆಂಗಿನ ಕಡ್ಡಿಯಿಂದ ಆ ತೂತುಗಳನ್ನು ಬಿಡಿಸಿಕೊಳ್ಳಿ. ಮಂಗಳೂರು, ಕಾರವಾರದ ಉಪ್ಪುಗಾಳಿ ವೈರು ಜೋಡಿಸುವ ಕಪ್ಲರಿನ ಪಿನ್ನುಗಳಿಗೆ ಹಸಿರು ಪಾಚಿಯಂಥ ಕಿಲುಬು ಹಿಡಿಸುತ್ತದೆ; ಕಪ್ಲರು ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸಿಗಿಸಿದರೆ ಸರಿಹೋಗುವ ಲಾಕ್‌ಗಳು ಅಲ್ಲಿ ಬಹಳ. ಬಾಗಿಲಿನ ಪ್ಯಾಡ್ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಸ್ಪೀಕರ್ ಹಾಕುವವರು ಹರಿದು ಬಿಸಾಡುವುದುಂಟು. ಆ ಹಾಳೆಯೇ ನೀರನ್ನು ಕ್ಯಾಬಿನ್ನಿಗೆ ಬಿಡದೆ ತಡೆಯುವುದು. ಅದು ವಾಪಸ್ ಅಂಟಿತೇ ಎಂದು ನಿಂತು ನೋಡಿ.

ಬೆಂಗಳೂರಿನಲ್ಲಿ ನೀರಿನ ದಾರಿ ಕಟ್ಟುವ ಕೆಲಸವನ್ನು ಮರಗಳು ಮಾಡುತ್ತವೆ. ಗುಲ್‌ಮೊಹರ್, ಮಳೆಮರ, ತಬೂಬಿಯದ ಎಲೆ ಹೂವುಗಳು ಮುಂಗಾಜಿನ ಬುಡದ ಜಾಲರಿಯೊಳಗೆ ಸೇರಿ ಕೊಳೆತು, ನೀರು ಹರಿಯುವ ದಾರಿಯನ್ನು ಮುಚ್ಚುತ್ತವೆ. ತುಂಬಿದ ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಕೆಳಗಿಳಿಯುತ್ತದೆ. ಫ್ಯೂಸ್ ಪೆಟ್ಟಿಗೆ, ಬಿಸಿಎಂ ಇರುವುದು ಸಾಮಾನ್ಯವಾಗಿ ಅಲ್ಲೇ. ಮಳೆ ಬಂದ ಮರುದಿನ ದೀಪ ತಾನೇ ಹತ್ತಿ ಆರುವುದು, ನಡುರಾತ್ರಿ ಲಾಕ್‌ಗಳು ಟಕಟಕ ಎನ್ನುವುದು ಇದರ ಕುರುಹು. ಕಾಲಡಿಯ ಕಾರ್ಪೆಟ್ ಒತ್ತಿ ನೋಡಿ, ಒದ್ದೆಯಿದ್ದರೆ ಮೊದಲು ಬ್ಯಾಟರಿ ಬಿಚ್ಚಿಸಿ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತ ನೀರು ನುಗ್ಗಿದಾಗ ಮುಳುಗಿದಂಥ ಕಾರುಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಂಜಿನ್ ಸದ್ದಿಗಿಂತ ಮೊದಲು ಈ ಚಿಕ್ಕ ಕೆಲಸಗಳನ್ನೇ ಪರೀಕ್ಷಿಸಬೇಕು: ನಾಲ್ಕು ಬಾಗಿಲು, ಡಿಕ್ಕಿ, ದೀಪ, ಲಾಕು.

ಆರದ ದೀಪ ಎಷ್ಟು ಹಾನಿ ಮಾಡೀತು? 10 ವ್ಯಾಟಿನ ಬಲ್ಬು 12 ವೋಲ್ಟಿಗೆ ಸುಮಾರು 0.83 ಆಂಪಿಯರ್ ಎಳೆಯುತ್ತದೆ. ಚಿಕ್ಕ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಲೆಕ್ಕಕ್ಕೆ 42 ಗಂಟೆಯಲ್ಲಿ ಬರಿದು. ಆದರೆ ಸ್ಟಾರ್ಟರ್ ತಿರುಗದಿರಲು ಅದಕ್ಕೂ ಬಹಳ ಮೊದಲೇ ಸಾಕು. ಶುಕ್ರವಾರ ಸಂಜೆ ನಿಲ್ಲಿಸಿದ ಕಾರು ಭಾನುವಾರ ಬೆಳಿಗ್ಗೆ ಮಲಗಿರುತ್ತದೆ. ಕಾಣದ ಡಿಕ್ಕಿ ದೀಪ ಇನ್ನೂ ಮೋಸಗಾರ. ಫೋನಿನಲ್ಲಿ ವಿಡಿಯೋ ಹಚ್ಚಿ ಡಿಕ್ಕಿಯೊಳಗಿಟ್ಟು ಮುಚ್ಚಿ, ಒಂದು ನಿಮಿಷದ ಮೇಲೆ ತೆಗೆದು ನೋಡಿ. ಅಳೆಯಲು ಬರುವವರು ಮಲ್ಟಿಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ ಬ್ಯಾಟರಿಯ ಮೈನಸ್ಸಿಗೂ ಅದರ ಕೇಬಲ್ಲಿಗೂ ನಡುವೆ ಜೋಡಿಸಬಹುದು. ಆಗ ಕಾರು ಸ್ಟಾರ್ಟ್ ಮಾಡಕೂಡದು, ಮೀಟರು ಸುಡುತ್ತದೆ. ಕಾರಿನ ಮಾಡ್ಯೂಲುಗಳೆಲ್ಲ ನಿದ್ದೆಗೆ ಜಾರಲು ಅರ್ಧ ಗಂಟೆ ಬಿಡಿ. 50 ಮಿಲಿ ಆಂಪಿಯರ್‌ನೊಳಗೆ ಬಂದು ನಿಂತರೆ ಚಿಂತೆಯಿಲ್ಲ. ಹೆಚ್ಚಿದ್ದರೆ ಒಂದೊಂದೇ ಫ್ಯೂಸು ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಮೀಟರಿನ ಅಂಕಿ ಇಳಿಯಿತೋ ಕಳ್ಳ ಆ ದಾರಿಯಲ್ಲಿದ್ದಾನೆ. ಬಾಗಿಲಿನ ಪ್ಯಾಡ್ ಅಥವಾ ಕಂಬದ ಪ್ಲಾಸ್ಟಿಕ್ ಬಿಚ್ಚಿದಾಗ ಹಳದಿ ಕಪ್ಲರು ಕಂಡರೆ ಮಾತ್ರ ಕೈ ಹಿಂತೆಗೆಯಿರಿ. ಅದು ಏರ್‌ಬ್ಯಾಗಿನದು.

ರಿಮೋಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಾಗಿಲಿನ ಲಾಕ್ ಸ್ವಿಚ್ಚಿನಿಂದ ಲಾಕ್ ಬೀಳುತ್ತದೆ, ರಿಮೋಟಿನಿಂದ ಇಲ್ಲ ಎಂದಾದರೆ ಅದರ 3 ವೋಲ್ಟ್ ಬಿಲ್ಲೆ ಬದಲಿಸಿ. ಬಿಲ್ಲೆ ಸತ್ತರೂ ಕೀ ಕೆಲಸ ಮಾಡುತ್ತದೆ. ಪುಶ್ ಬಟನ್ ಕಾರುಗಳ ರಿಮೋಟ್ ಒಳಗೂ ಒಂದು ಲೋಹದ ಕೀ ಅಡಗಿರುತ್ತದೆ. ಬಾಗಿಲಿನ ಹಿಡಿಕೆಯ ಬಳಿ, ಕೆಲವದರಲ್ಲಿ ಒಂದು ಚಿಕ್ಕ ಮುಚ್ಚಳದ ಅಡಿ, ಅದರ ತೂತಿರುತ್ತದೆ. ಬ್ಯಾಟರಿ ಸತ್ತ ದಿನ ಹುಡುಕುವ ಬದಲು ಈ ವಾರವೇ ತೆಗೆದು ಒಮ್ಮೆ ತಿರುಗಿಸಿ ನೋಡಿ. ವರ್ಷಗಟ್ಟಲೆ ಬಳಸದ ಆ ಬೀಗ ಧೂಳು ಕಚ್ಚಿ ತಿರುಗದೇ ಹೋಗುವುದುಂಟು.

ಒಳಗಿನಿಂದ ತೆರೆಯುವ ಮಾತು ಇದಕ್ಕಿಂತ ಮುಖ್ಯ. ಕರೆಂಟಿನಿಂದ ನಡೆಯುವ ಬೀಗ ಕರೆಂಟು ಹೋದಾಗ ಒಳಗಿದ್ದವರನ್ನು ಕೂಡಿಹಾಕಬಾರದು. ಅದಕ್ಕೇ 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗು, ಸೀಟ್ ಬೆಲ್ಟ್ ಎಚ್ಚರಿಕೆ, ವೇಗದ ಎಚ್ಚರಿಕೆ, ರಿವರ್ಸ್ ಸೆನ್ಸರ್‌ಗಳ ಜೊತೆಗೆ ಸೆಂಟ್ರಲ್ ಲಾಕನ್ನು ಕೈಯಿಂದಲೇ ತೆರೆಯುವ ವ್ಯವಸ್ಥೆಯನ್ನೂ ಕಡ್ಡಾಯ ಮಾಡಿದರು. ಟ್ಯಾಕ್ಸಿಗಳಲ್ಲಿ ಚೈಲ್ಡ್ ಲಾಕ್ ಇರಬಾರದೆಂಬ ನಿಯಮವೂ ಆಗಲೇ ಬಂದದ್ದು. ನಿಮ್ಮ ಕಾರಿನಲ್ಲಿ ಆ ವ್ಯವಸ್ಥೆ ಹೇಗಿದೆ ಎಂದು ಮನೆಯವರಿಗೆಲ್ಲ ಗೊತ್ತಿರಬೇಕು. ಕೆಲವದರಲ್ಲಿ ಒಳಹಿಡಿಕೆಯನ್ನು ಒಮ್ಮೆ ಎಳೆದರೆ ಲಾಕ್ ಬಿಡುತ್ತದೆ, ಎರಡನೇ ಸಲಕ್ಕೆ ಬಾಗಿಲು ತೆರೆಯುತ್ತದೆ. ಕೆಲವದರಲ್ಲಿ ಗುಬುಟು ಎತ್ತಬೇಕು. ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತಿಲ್ಲವೆಂದು ರಿಪೇರಿಗೆ ಬರುವ ಎಷ್ಟೋ ಕಾರುಗಳಲ್ಲಿ ಕೆಟ್ಟಿರುವುದು ಏನೂ ಇಲ್ಲ, ಬಾಗಿಲಿನ ಅಂಚಿನ ಚೈಲ್ಡ್ ಲಾಕ್ ಬಿದ್ದಿರುತ್ತದೆ. ಅದು ಬಿದ್ದಿದ್ದರೆ ಹಿಂದಿನ ಸೀಟಿನಲ್ಲಿರುವವರು ಮುಂದಕ್ಕೆ ದಾಟಿ ಮುಂದಿನ ಬಾಗಿಲಿನಿಂದ ಹೊರಬರಬೇಕು. ಐದಾರು ವರ್ಷದ ಮಗುವಿಗೆ ಇದನ್ನು ಕಲಿಸಬಹುದು: ಮುಂದಕ್ಕೆ ಬಾ, ಹಿಡಿಕೆ ಎರಡು ಸಲ ಎಳೆ, ಆಗದಿದ್ದರೆ ಹಾರ್ನ್ ಒತ್ತುತ್ತಲೇ ಇರು. ಇಗ್ನಿಷನ್ ಆಫ್ ಆಗಿದ್ದರೂ ಹೆಚ್ಚಿನ ಕಾರುಗಳ ಹಾರ್ನ್ ಕೂಗುತ್ತದೆ. ನಿಮ್ಮದರಲ್ಲಿ ಕೂಗುತ್ತದೆಯೇ ಎಂದು ಇಂದೇ ಒತ್ತಿ ನೋಡಿಕೊಳ್ಳಿ.